ಅತ್ತೆ, ನಕ್ಷೆ ಮತ್ತು ಕೆರೆಯ ನಡುವಿನ ಮಾವಿನ ತೋಟ

ಟವೆಲ್ಲೇ ಇರಬೇಕು. ಅಥವಾ ಸೆರಗೇನೋ. ಕಾರ್ಯದರ್ಶಿ ನಾರಾಯಣಸ್ವಾಮಿಯನ್ನು ಕೇಳಿದರೆ ಎರಡೂ ಅಲ್ಲ, ಹಳೇ ಪೇಪರು ಅನ್ನುತ್ತಾನೆ. ಶ್ರೀನಿವಾಸಪುರದ ಮಾವು ಬೆಳೆಗಾರರ ಸಂಘದ ಕಚೇರಿಯಲ್ಲಿ ನಾನು ಮೊದಲ ಸಲ ಕಂಪ್ಯೂಟರಿನ ಪರದೆಯ ಮೇಲೆ ನಕ್ಷೆ ತೆರೆದಾಗ ನನ್ನ ಸೋದರತ್ತೆ ಎದ್ದು ಬಂದು ಅದರ ಮೇಲೆ ಏನನ್ನೋ ಹೊದಿಸಿದಳು. ಇಷ್ಟು ನಿಜ. ನಿಜವೆಂದು ನನಗೆ ಅನ್ನಿಸುತ್ತದೆ. ಆದರೆ ಈ ಪ್ರಸಂಗವನ್ನು ಮದುವೆಮನೆಗಳಲ್ಲಿ ಎಷ್ಟು ಸಲ ಹೇಳಿದ್ದೇನೆಂದರೆ, ಈಗ ನನಗೆ ನೆನಪಿರುವುದು ನಡೆದದ್ದಲ್ಲ, ನಾನು ಹೇಳಿದ್ದು. ಹೇಳಿದಂತೆಲ್ಲ ಬಟ್ಟೆ ದೊಡ್ಡದಾಗುತ್ತಾ ಬಂದಿದೆ. ಇನ್ನೊಂದೆರಡು ಮದುವೆ ಆದರೆ ಅದು ಜಮಖಾನವಾದೀತು.

ಅವಳು ಆಡಿದ ಮಾತಿನ ಬಗ್ಗೆ ಮಾತ್ರ ಯಾರದ್ದೂ ತಕರಾರಿಲ್ಲ.

"ನಾವು ಅದನ್ನ ನೋಡ್ತಿದೀವೋ, ಅದು ನಮ್ಮನ್ನ ನೋಡ್ತಿದೆಯೋ, ಮೊದ್ಲು ಅದನ್ನ ಹೇಳೇ."

ನಮ್ಮತ್ತೆ ಯಾರನ್ನೂ ನಂಬುವುದಿಲ್ಲ ಎಂದು ಜನ ಹೇಳುವುದು ಶುದ್ಧ ಅಪಪ್ರಚಾರ. ದೇವರನ್ನು ನಂಬುತ್ತಾಳೆ. ಆದರೆ ಗುಡಿಯಲ್ಲಿ ಎಲ್ಲರೂ ಕಣ್ಣು ಮುಚ್ಚಿ ಕೈ ಮುಗಿಯುವಾಗ ಅವಳೊಬ್ಬಳ ಕಣ್ಣು ತೆರೆದಿರುತ್ತದೆ. ಕೇಳಿದರೆ, "ಎಲ್ಲರೂ ಕಣ್ಮುಚ್ಕೊಂಡಾಗ ಯಾರಾದ್ರೂ ಒಬ್ರು ನೋಡ್ತಿರ್ಬೇಕಲ್ವಾ?" ಅನ್ನುತ್ತಾಳೆ. ಏನನ್ನು ನೋಡಬೇಕು, ದೇವರನ್ನೋ, ಪೂಜಾರಿಯನ್ನೋ, ಚಪ್ಪಲಿಯನ್ನೋ? ಅದನ್ನು ಅವಳು ಬಿಡಿಸಿ ಹೇಳಿಲ್ಲ. ಹೇಳಿದರೆ ಅವರು ಹುಷಾರಾಗಿಬಿಡುತ್ತಾರೆ ಎಂಬ ಅನುಮಾನ ಇರಬೇಕು.

ಶ್ರೀನಿವಾಸಪುರದಿಂದ ಕೋಲಾರಕ್ಕೆ ಬಸ್ಸು ಹತ್ತಿದರೆ ಅವಳ ಸೀಟು ಡ್ರೈವರಿನ ಹಿಂದೆಯೇ. ಅವನಿಗೆ ತೂಕಡಿಕೆ ಬಂದರೆ ಎಂಬ ಸಂಶಯಕ್ಕೆ ದಾರಿಯುದ್ದಕ್ಕೂ ಮಾತಾಡಿಸುತ್ತಾಳೆ. ಮಕ್ಕಳೆಷ್ಟು, ಹೆಂಡತಿ ಊರು ಯಾವುದು, ರಾಗಿ ಹೇಗಿದೆ, ರಾತ್ರಿ ಏನು ಉಂಡೆ. ಆ ಡ್ರೈವರ್ ಒಮ್ಮೆ ನನ್ನ ಕೈ ಹಿಡಿದುಕೊಂಡು ಹೇಳಿದ: "ನಿಮ್ಮತ್ತೆ ಹತ್ತಿದ ದಿನ ಮೇಡಂ, ನಂಗೆ ಮನೇಗೋದ್ಮೇಲೂ ನಿದ್ದೆ ಬರಲ್ಲ."

ಕೋಲಾರದ ಡಾಕ್ಟರೊಬ್ಬರು ಅವಳ ತೋಳಿಗೆ ಬಿ.ಪಿ. ಪಟ್ಟಿ ಸುತ್ತಲು ಹೋದರು. ಅತ್ತೆ ಕೈ ಹಿಂದಕ್ಕೆಳೆದುಕೊಂಡಳು. "ಮಿಷನ್ ಸರಿಯಾಗಿದೆ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು? ಮೊದ್ಲು ನಿಮ್ದು ನೋಡ್ಕೊಳಿ ಸಾರ್." ಡಾಕ್ಟರು ಒಳ್ಳೆಯವರು, ನಗುತ್ತಾ ತಮ್ಮದನ್ನೇ ನೋಡಿಕೊಂಡರು. ಆಮೇಲೆ ನಗಲಿಲ್ಲ. ಅತ್ತೆ ಅವರಿಗೆ ಉಪ್ಪಿನಕಾಯಿ ಬಿಡುವಂತೆ ಬುದ್ಧಿ ಹೇಳಿ, ತನ್ನದನ್ನು ನೋಡಿಸಿಕೊಳ್ಳದೆಯೇ ಎದ್ದು ಬಂದಳು.

ಇಂಥವಳು ಸಂಘದ ಅಧ್ಯಕ್ಷೆಯಾದದ್ದು ಹೇಗೆ? ಚುನಾವಣೆಗೆ ನಿಂತವರೆಲ್ಲರ ಮೇಲೂ ಅವಳು ಸಂಶಯಪಟ್ಟಳು, ಸಂಶಯಕ್ಕೆ ಕಾರಣವನ್ನೂ ಸಭೆಯಲ್ಲಿ ನಿಂತು ಹೇಳಿದಳು. ಕೊನೆಗೆ ಮುಳಬಾಗಿಲಿನ ನಿರ್ದೇಶಕರು ಎದ್ದರು. ಅವರು ಲೆಕ್ಕಪತ್ರ ನೋಡುವ ವೃತ್ತಿಯವರು, ಪೂಜೆಯ ಮನೆತನದವರು, ಗಟ್ಟಿಯಾಗಿ ಮಾತಾಡದವರು. "ಎಲ್ಲರನ್ನೂ ಅನುಮಾನಿಸೋರಿಗೇ ಬೀಗದ ಕೈ ಕೊಟ್ಟುಬಿಡೋಣ" ಎಂದರು. ಚಪ್ಪಾಳೆಯಾಯಿತು. ಅತ್ತೆ ಮನೆಗೆ ಬಂದವಳೇ ನಮ್ಮಪ್ಪನಿಗೆ ಫೋನ್ ಮಾಡಿದಳು. "ಎಲ್ಲರೂ ಒಪ್ಪಿದಾರೆ ಕಣೋ. ಏನೋ ಇದೆ ಇದ್ರಲ್ಲಿ."

ನಕ್ಷೆಯ ವಿಷಯಕ್ಕೆ ಬರುತ್ತೇನೆ. ನರಸಾಪುರದ ಕಡೆಯ ಒಂದು ಪ್ಯಾಕಿಂಗ್ ಘಟಕದವರು ಸಂಘದ ಹಣ್ಣನ್ನೆಲ್ಲ ತೆಗೆದುಕೊಳ್ಳಲು ಒಪ್ಪಿದ್ದರು. ಷರತ್ತು ಒಂದೇ: ಯಾವ ಹಣ್ಣು ಯಾವ ತೋಟದ್ದು ಎಂದು ಅವರು ಕುಳಿತಲ್ಲೇ ನಕ್ಷೆ ತೆರೆದು ನೋಡುವಂತಿರಬೇಕು. ನಕ್ಷೆಯಲ್ಲಿಲ್ಲದ ತೋಟದ ಹಣ್ಣು ಬೇಡ. ಬಾದಾಮಿ ಮಾವು ಕೊಯ್ಲಿಗೆ ಬರುವ ಹೊತ್ತಿಗೆ ಇದು ಆಗದಿದ್ದರೆ ಎಲ್ಲರಿಗೂ ಮತ್ತೆ ಮಂಡಿಯ ಹರಾಜೇ ಗತಿ. ಇಂಥ ನಕ್ಷೆ ಕಟ್ಟುವುದೇ ನನ್ನ ಹೊಟ್ಟೆಪಾಡು, ಕೋಲಾರದಲ್ಲಿ ಕೂತು ಮಾಡುತ್ತೇನೆ. ಮಾಲೂರಿನ ಇಟ್ಟಿಗೆ ಗೂಡಿನವರಿಗೆ ಒಂದು ಮಾಡಿಕೊಟ್ಟಿದ್ದೆ. ಅತ್ತೆ ನನ್ನನ್ನು ಕರೆಸಿದಳು. ನಂಬಿಕೆಯಿಂದ ಅಂದುಕೊಂಡಿರಾ? "ಹೊರಗಿನೋರು ಮೋಸ ಮಾಡಿದ್ರೆ ಎಲ್ಲಿ ಅಂತ ಹುಡುಕೋದು? ಇವಳ್ದಾದ್ರೆ ಮನೆ ಗೊತ್ತು" ಎಂದು ನನ್ನೆದುರೇ ನಿರ್ದೇಶಕರಿಗೆ ವಿವರಿಸಿದಳು.

ಕೆಲಸ ಸರಳವಾಗಿತ್ತು. ಸದಸ್ಯರ ತೋಟಗಳ ಗೆರೆಗಳು ಶ್ರೀನಿವಾಸಪುರದ ಕಚೇರಿಯ ಕಂಪ್ಯೂಟರಿನಲ್ಲಿದ್ದವು. ಸರ್ವೆ ನಂಬರುಗಳ ಗಡಿಗೆರೆಗಳು ಮುಳಬಾಗಿಲಿನ ಸಂಗ್ರಹಣಾ ಕೇಂದ್ರದ ಕಂಪ್ಯೂಟರಿನಲ್ಲಿದ್ದವು. ಇವೆರಡಕ್ಕೂ ದಾರಿ ಮಾಡಿ, ನೋಡುವವರ ಪರದೆಯಲ್ಲಿ, ಆಕಾಶದಿಂದ ತೆಗೆದ ಊರಿನ ಚಿತ್ರದ ಮೇಲೆ, ಒಂದರ ಮೇಲೊಂದು ಕೂರುವಂತೆ ಮಾಡಬೇಕು. ಎರಡು ಗೆರೆಯೂ ಕೂಡಿದರೆ ಹಸಿರು, ಕೂಡದ ಕಡೆ ಕೆಂಪು. ನಾನು ಇದನ್ನು ಅತ್ತೆಗೆ ತಿಳಿಸಿ ಹೇಳಲು ಕುಳಿತೆ.

"ನಕ್ಷೆ ಹತ್ರ ಏನೂ ಇರಲ್ಲ ಅತ್ತೆ. ಯಾರಾದ್ರೂ ತೆರೆದಾಗ ಅದು ಬಂದು ನಮ್ಮ ಕಂಪ್ಯೂಟರನ್ನ ಕೇಳುತ್ತೆ. ನಮ್ದು ಕೊಡುತ್ತೆ."

"ಕೇಳ್ದಾಗೆಲ್ಲಾ ಕೊಡುತ್ತಾ?"

"ಹೂಂ."

"ನನ್ನ ಕೇಳ್ದೇನೇ?"

"ನಿನ್ನ ಯಾಕೆ ಕೇಳ್ಬೇಕು?"

"ಹಂಗಾದ್ರೆ ಅದು ನಮ್ಮ ಕಂಪ್ಯೂಟರ್ ಹೆಂಗಾಯ್ತೇ?"

ನನ್ನ ಹತ್ತಿರ ಇದ್ದದ್ದು ಒಂದು ಪಾಸ್‌ವರ್ಡು. ಅದು ಇದ್ದವರಿಗಷ್ಟೇ ಬಾಗಿಲು ತೆರೆಯುತ್ತದೆ ಎಂದು ಸಮಾಧಾನ ಹೇಳಿದೆ. ಹೇಳಬಾರದಿತ್ತು.

ಅವಳ ಊರಿನ ಗುಡಿಯ ಹುಂಡಿಗೆ ಎರಡು ಬೀಗ. ಒಂದರ ಕೀಲಿಕೈ ಪೂಜಾರಿ ಮನೆಯಲ್ಲಿ, ಇನ್ನೊಂದರದ್ದು ಊರ ಯಜಮಾನರಲ್ಲಿ. ಇಬ್ಬರೂ ಕೂಡಿ ಬಂದರಷ್ಟೇ ಹುಂಡಿ ತೆರೆಯುವುದು ವಾಡಿಕೆ. ಪಾಸ್‌ವರ್ಡೂ ಹಾಗೇ ಆಗಬೇಕು ಎಂದಳು. ಅದನ್ನು ಮೂರು ತುಂಡು ಮಾಡಿ, ಮೊದಲ ತುಂಡು ನಾರಾಯಣಸ್ವಾಮಿಗೆ, ನಡುವಿನದು ಮುಳಬಾಗಿಲಿನ ನಿರ್ದೇಶಕರಿಗೆ, ಕೊನೆಯದು ತನಗೆ. ಒಬ್ಬರದು ಇನ್ನೊಬ್ಬರಿಗೆ ಗೊತ್ತಿರಬಾರದು. ನನಗಂತೂ ಮೂರರಲ್ಲಿ ಒಂದೂ ಗೊತ್ತಿರಬಾರದು!

ಹೀಗೆ ನಾನು ಆ ಕಂಪ್ಯೂಟರಿನಲ್ಲಿ ಏನು ಬದಲಾಯಿಸಬೇಕಾದರೂ ಮೂರು ಜನ ಸೇರಬೇಕಾಯಿತು. ಮುಳಬಾಗಿಲಿನವರು ಬಸ್ಸು ಹಿಡಿದು ಬರುತ್ತಿದ್ದರು. ಒಬ್ಬರು ಕೀಲಿಮಣೆಯ ಮುಂದೆ, ಉಳಿದಿಬ್ಬರು ಗೋಡೆಯ ಕಡೆ ತಿರುಗಿ. ನಾನೂ ಗೋಡೆಯ ಕಡೆ. ಗೋಡೆಯ ಮೇಲೆ ಮಾವಿಗೆ ಬರುವ ಬೂದಿರೋಗದ ಚಿತ್ರಪಟವಿತ್ತು. ಆ ರೋಗದ ಬಗ್ಗೆ ಈಗ ನನಗೆ ಗೊತ್ತಿಲ್ಲದ್ದಿಲ್ಲ.

ಒಂದು ದಿನ ಎಷ್ಟು ಸಲ ಒತ್ತಿದರೂ ಒಳಗೆ ಬಿಡಲೇ ಇಲ್ಲ.

"ಒರೇ ನಾರಾಯಣಸ್ವಾಮಿ, ನೀನೇನೋ ತಪ್ಪು ಒತ್ತಿದೀಯ" ಎಂದಳು ಅತ್ತೆ.

"ಇಲ್ಲಮ್ಮಾ, ನಮ್ಮ ಹುಡುಗಿ ಆಣೆಗೂ ಸರಿಯಾಗೇ ಒತ್ತಿದೆ. ಮುಳಬಾಗಿಲ ಸಾರ್ ಕನ್ನಡಕ ತಂದಿಲ್ಲ ಇವತ್ತು."

"ಕನ್ನಡಕಕ್ಕೂ ಬೆರಳಿಗೂ ಏನಪ್ಪಾ ಸಂಬಂಧ?" ಎಂದರು ನಿರ್ದೇಶಕರು, ಮುಖ ಕೆಂಪಗೆ ಮಾಡಿಕೊಂಡು. "ನನ್ನ ಭಾಗವನ್ನ ನಾನು ಬೆಳಿಗ್ಗೆ ಸ್ನಾನ ಆದ್ಮೇಲೆ ಮನಸ್ಸಲ್ಲೇ ಹೇಳ್ಕೊಳ್ತೀನಿ, ಸಂಧ್ಯಾವಂದನೆ ಜೊತೆ."

ಇಬ್ಬರೂ ಜಗಳಕ್ಕೆ ಬಿದ್ದರು. ಜಗಳ ತೋಟದ ನೀರಿನವರೆಗೆ, ಅಲ್ಲಿಂದ ಯಾರದೋ ನಾಮಕರಣಕ್ಕೆ ಕರೆಯದಿದ್ದುದರವರೆಗೆ ಹೋಯಿತು. ಚೆನ್ನಾಗಿ ಬೆಳೆದ ಮೇಲೆ ಅತ್ತೆ ನಿಧಾನವಾಗಿ ಹೇಳಿದಳು. "ಸರಿ ಬಿಡಿ. ನಾನೇ ಬೇಕಂತ ತಪ್ಪು ಒತ್ತಿದ್ದು. ಯಾರು ಯಾರ ಮೇಲೆ ಹೇಳ್ತೀರ ನೋಡೋಣ ಅಂತ."

ಮತ್ತೆ ಮೂವರೂ ಸರಿಯಾಗಿ ಒತ್ತಿದರು. ಬಾಗಿಲು ತೆರೆಯಿತು. ಆಗ ಪರದೆಯ ಮೂಲೆಯಲ್ಲಿ ಪುಟ್ಟದೊಂದು ಪ್ರಶ್ನೆ ಮೂಡಿತು: ಈ ಪಾಸ್‌ವರ್ಡನ್ನು ನೆನಪಿಟ್ಟುಕೊಳ್ಳಬೇಕೇ? ನಾನು ಅದನ್ನು ಓದಿ ಹೇಳಿದೆ.

"ನೋಡಿದ್ಯಾ" ಎಂದಳು ಅತ್ತೆ. "ಇಷ್ಟೊತ್ತೂ ಸುಮ್ನೆ ಕೂತು ಕೇಳಿಸ್ಕೊಂಡಿದೆ."

ಇದರ ನಂತರವೋ ಮುಂಚೆಯೋ ನೆನಪಿಲ್ಲ. ಈ ಪ್ರಸಂಗಗಳನ್ನು ನಾನು ಒಂದರ ಹಿಂದೆ ಒಂದು ಜೋಡಿಸುತ್ತಿದ್ದೇನೆ, ಅವು ಹೀಗೆ ಸಾಲಾಗಿ ನಡೆದವೆಂದು ಆಣೆ ಮಾಡಲಾರೆ. ಒಟ್ಟಿನಲ್ಲಿ ಅತ್ತೆ, ನಕ್ಷೆಯನ್ನು ಯಾರು ತೆರೆದರೂ ತನಗೆ ತಿಳಿಯಬೇಕು ಎಂದಳು. "ಅದ್ರಲ್ಲೂ ನನ್ನ ಮೈದುನ" ಎಂದಳು. ಮಾವ ತೀರಿಕೊಂಡ ಮೇಲೆ ತೋಟ ನೋಡುತ್ತಿರುವುದು ಅತ್ತೆಯೇ ಆದರೂ ಪಹಣಿಯಲ್ಲಿ ಕೋಲಾರದಲ್ಲಿರುವ ಮೈದುನನ ಹೆಸರೂ ಇನ್ನೂ ಇದೆ. ಅವರೂ ಸಂಘದ ಸದಸ್ಯರೇ. ಸದಸ್ಯರಾದವರು ಫೋನಿನಲ್ಲೇ ನಕ್ಷೆ ನೋಡಬಹುದು. "ತೋಟಕ್ಕೆ ಒಂದು ದಿನ ಕಾಲಿಡದೋರು ಇನ್ಮೇಲೆ ಕೂತಲ್ಲಿಂದ್ಲೇ ದಿನಾ ಬರ್ತಾರೆ" ಎಂದು ಗೊಣಗಿದಳು.

ಸರಿ, ಯಾರಾದರೂ ನಕ್ಷೆ ಕೇಳಿದರೆ ಅವಳ ಫೋನಿಗೊಂದು ಸಂದೇಶ ಹೋಗುವಂತೆ ಮಾಡಿಕೊಟ್ಟೆ. ನಕ್ಷೆಯೆಂಬುದು ಇಡಿಯಾಗಿ ಬರುವುದಿಲ್ಲ, ಚೌಕ ಚೌಕವಾಗಿ ಬರುತ್ತದೆ. ಬೆರಳಿನಿಂದ ಒಮ್ಮೆ ಎಳೆದರೆ ಹತ್ತಾರು ಚೌಕ ಕೇಳುತ್ತದೆ. ಇದನ್ನು ಹೇಳಲು ಮರೆತಿದ್ದೆ. ಮಾರನೆಯ ದಿನ ಅವಳ ಫೋನು ಹುರಿಯುವ ಕಡಲೆಯ ಹಾಗೆ ಸದ್ದು ಮಾಡತೊಡಗಿತು. ಊರೂರಿನ ಕಳ್ಳರೆಲ್ಲ ತನ್ನ ತೋಟ ನೋಡುತ್ತಿದ್ದಾರೆಂದು ಅವಳು ಕಚೇರಿಗೆ ಧಾವಿಸಿ ಬಂದಾಗ, ನಾರಾಯಣಸ್ವಾಮಿ ಕಂಪ್ಯೂಟರಿನ ಮುಂದೆ ಕುಳಿತು ತನ್ನದೇ ತೋತಾಪುರಿ ತೋಟವನ್ನು ಹತ್ತಿರ ತಂದು, ದೂರ ಒಯ್ದು, ಮತ್ತೆ ಹತ್ತಿರ ತಂದು ನೋಡುತ್ತಾ ಇದ್ದ.

"ಏನ್ಲಾ ಮಾಡ್ತಿದೀಯ?"

"ಮೇಲಿಂದ ಚೆನ್ನಾಗಿ ಕಾಣ್ತಾದಮ್ಮಾ. ಕೆಳಗಿಂದ ಇಷ್ಟು ಚೆನ್ನಾಗಿಲ್ಲ."

ಮುಳಬಾಗಿಲಿನ ಕಂಪ್ಯೂಟರಿಗೂ ದಾರಿ ಜೋಡಿಸಿದ ದಿನ ತೋಟದ ಗೆರೆ, ಸರ್ವೆ ಗೆರೆ ಎರಡೂ ಪದರ ಒಟ್ಟಿಗೆ ಬಂದವು. ಬಂದವು, ಆದರೆ ಒಂದರ ಮೇಲೊಂದು ಕೂರಲಿಲ್ಲ. ಇಡೀ ತಾಲ್ಲೂಕಿನ ತೋಟಗಳು ತಮ್ಮ ಸರ್ವೆ ನಂಬರು ಬಿಟ್ಟು ಪಕ್ಕಕ್ಕೆ ಸರಿದು ನಿಂತಿದ್ದವು. ಒಂದು ಹಳೆಯ ಅಳತೆಯ ಲೆಕ್ಕ, ಇನ್ನೊಂದು ಫೋನಿನ ಅಳತೆಯ ಲೆಕ್ಕ. ಇದು ಎಲ್ಲ ಕಡೆ ಆಗುವುದೇ. ಅತ್ತೆಗೆ ಮಾತ್ರ ಪರಮಾನಂದವಾಯಿತು. "ಹೇಳ್ಲಿಲ್ವಾ? ಒಂದೇ ಊರನ್ನ ಇಬ್ರು ಎರಡು ಕಡೆ ಇಟ್ಟವ್ರೆ." ನಾನು ಲೆಕ್ಕ ಸರಿಪಡಿಸಿದೆ. ತೋಟಗಳೆಲ್ಲ ಒಂದೊಂದಾಗಿ ಮನೆಗೆ ಮರಳಿದ ದನಗಳ ಹಾಗೆ ತಮ್ಮ ತಮ್ಮ ಗೆರೆಯೊಳಗೆ ಹೋಗಿ ನಿಂತವು. ಹಸಿರು, ಹಸಿರು, ಹಸಿರು.

ಒಂದು ತೋಟ ಬಿಟ್ಟು. ಅಧ್ಯಕ್ಷರ ತೋಟ ಊರಾಚೆಯ ಕೆರೆಯ ನಟ್ಟನಡುವೆ ಇತ್ತು.

ನಿರ್ದೇಶಕರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ನಾರಾಯಣಸ್ವಾಮಿ ತಡೆಯಲಾರದೆ, "ಅಮ್ಮಾ, ಕೊಯ್ಲಿಗೆ ಆಳು ಕಳಿಸ್ಲಾ, ದೋಣಿ ಕಳಿಸ್ಲಾ?" ಎಂದ.

"ನೀರಿಗೆ ತಾಪತ್ರಯ ಇಲ್ಲ, ಇರ್ಲಿ ಬಿಡು" ಎಂದಳು ಅತ್ತೆ.

ಇರಲಿ ಬಿಡು! ಹಾಲಿನ ಪಾತ್ರೆಯಲ್ಲಿ ಗೆರೆ ಒಂದು ಕೂದಲಷ್ಟು ಇಳಿದರೆ ಪಂಚಾಯಿತಿ ಸೇರಿಸುವವಳು, ತನ್ನ ತೋಟ ಮುಳುಗಿದ್ದನ್ನು ನೋಡಿ ಇರಲಿ ಬಿಡು ಅನ್ನುತ್ತಾಳೆಯೇ? ಅವಳ ಸೊಸೆಯಾಗದಿದ್ದರೂ ಅವಳ ಅಣ್ಣನ ಮಗಳು ನಾನು. ಸಂಶಯ ನನ್ನ ರಕ್ತದಲ್ಲೂ ಇದೆ. ಅಂಕಿಗಳನ್ನು ತೆಗೆದು ನೋಡಿದೆ. ಪ್ರತಿ ತೋಟದ ಮೂಲೆಗಳಲ್ಲೂ ನಿಂತು ಫೋನಿನಲ್ಲಿ ಸ್ಥಳದ ಅಂಕಿ ಹಿಡಿದುಕೊಂಡು ಬಂದವನು ನಾರಾಯಣಸ್ವಾಮಿ. ಅತ್ತೆಯ ತೋಟಕ್ಕೆ ಮಾತ್ರ ಅವನನ್ನು ಬಿಟ್ಟಿರಲಿಲ್ಲ. ಅವಳೇ ಸುತ್ತಿ ಬಂದು, ಅವಳೇ ಓದಿ ಹೇಳಿದ್ದಳು, ಅವನು ಒತ್ತಿದ್ದ. ಸರ್ವೆ ಗೆರೆಯ ಜೊತೆ ಹಿಡಿದು ನೋಡಿದರೆ, ನಾಲ್ಕು ಮೂಲೆಯ ಅಂಕಿಯಲ್ಲೂ ಒಂದೇ ಜಾಗದಲ್ಲಿ ಒಂದೇ ಅಂಕಿ ಬೇರೆಯಾಗಿತ್ತು. ಕೈತಪ್ಪು ಒಂದು ಮೂಲೆಯಲ್ಲಿ ಆಗಬಹುದು. ನಾಲ್ಕು ಮೂಲೆಯಲ್ಲೂ ಹೊಂದಿಕೊಂಡು ಆಗುವುದನ್ನು ತಪ್ಪು ಅನ್ನುತ್ತಾರೆಯೇ?

"ಅತ್ತೆ, ನಾಳೆ ತೋಟಕ್ಕೆ ಬರ್ತೀನಿ. ಮತ್ತೆ ಹಿಡೀಬೇಕು ಮೂಲೆಗಳನ್ನ."

"ಬಿಸ್ಲು ಕಣೇ."

"ಟೋಪಿ ಹಾಕ್ಕೊಂಡ್ ಬರ್ತೀನಿ."

"ನನ್ನ ಒಂದು ತೋಟದ ಹಣ್ಣು ಮಂಡಿಗೇ ಹೋಗ್ಲಿ ಬಿಡೇ. ಉಳ್ದೋರ್ದು ಆಗುತ್ತಲ್ಲ."

"ಅಧ್ಯಕ್ಷರ ತೋಟವೇ ನಕ್ಷೇಲಿಲ್ಲ ಅಂದ್ರೆ ಉಳ್ದೋರ್ದನ್ನ ಅವರು ನಂಬ್ತಾರಾ?"

ನಂಬಿಕೆಯ ಮಾತು ಬಂದದ್ದೇ ಅವಳು, "ಟೋಪಿ ಮರೀಬೇಡ" ಎಂದಳು.

ಯಲ್ದೂರಿನ ದಾರಿಯಲ್ಲಿ ಇಳಿದು ಒಳಗೆ ನಡೆದರೆ ಅವಳ ತೋಟ. ಮೊದಲ ಮೂಲೆಯ ಬಾಂದುಕಲ್ಲು ಸಿಕ್ಕಿತು. ಎರಡನೆಯದು ಸಿಕ್ಕಿತು, ಮೂರನೆಯದೂ. ನಾಲ್ಕನೆಯದರ ಕಡೆ ಹೊರಟಾಗ ಅತ್ತೆ ನಿಂತಳು.

"ಅಲ್ಲಿಗೆ ಬೇಡ. ಹಾವಿದೆ."

"ಕೋಲು ಹಿಡ್ಕೊಂಡ್ ಹೋಗೋಣ."

"ಹೆಜ್ಜೇನಿದೆ."

ಒಂದೇ ಮೂಲೆಗೆ ಎರಡು ಕಾರಣ ಕೊಟ್ಟರೆ ಎರಡೂ ಸುಳ್ಳು ಎಂಬುದನ್ನು ನನಗೆ ಕಲಿಸಿದವಳೇ ಅವಳು. ನಾನು ನಡೆದೆ. ಹಿಂದಿನಿಂದ ಅವಳ ಹೆಜ್ಜೆಯ ಸದ್ದು ಸ್ವಲ್ಪ ಹೊತ್ತು ಇರಲಿಲ್ಲ, ಆಮೇಲೆ ಬಂತು.

ಕತ್ತಾಳೆಯ ಬೇಲಿ, ಅದರ ಹಿಂದೆ ಒಂದು ಸಣ್ಣ ಹೆಂಚಿನ ಮನೆ. ಗುಡಿಸಿದ ಅಂಗಳ, ನಾಲ್ಕಾರು ತೋತಾಪುರಿ ಮರ, ಮೊರದಲ್ಲಿ ಒಣಗಲು ಹಾಕಿದ ಹುರುಳಿ. ಅತ್ತೆಯ ವಯಸ್ಸಿನವಳೇ ಇರಬೇಕು, ಒಬ್ಬ ಹೆಂಗಸು ಹೊರಗೆ ಬಂದಳು. "ರಾ ಅಕ್ಕಾ, ಈ ಎಂಡಲೋ ಒಚ್ಚಿನಾವಾ" ಎಂದು, ಬಿಸಿಲಲ್ಲಿ ಬಂದದ್ದಕ್ಕೆ ಗದರಿದ ಹಾಗೆ ತೆಲುಗಿನಲ್ಲಿ ಹೇಳಿ, ನನ್ನನ್ನು ನೋಡಿ ತಟ್ಟನೆ ಮಾತು ನಿಲ್ಲಿಸಿದಳು.

"ನಮ್ಮ ಹುಡುಗೀನೇ" ಎಂದಳು ಅತ್ತೆ.

ಆ ಹೆಂಗಸು ಒಳಗಿಂದ ಒಂದು ಮಣೆ ತಂದು ನನಗೆ ಹಾಕಿದಳು. ಅತ್ತೆಗೆ ಏನೂ ಹಾಕಲಿಲ್ಲ. ಅತ್ತೆ ತಾನೇ ಜಗಲಿಯ ಮೇಲೆ ಕಾಲು ಚಾಚಿದಳು, ಸೆರಗನ್ನು ಸುತ್ತಿ ತಲೆಯಡಿ ಇಟ್ಟುಕೊಂಡಳು. ನಾನು ಬಾಂದುಕಲ್ಲು ಹುಡುಕಿ, ಅಂಕಿ ಹಿಡಿದುಕೊಂಡು ವಾಪಸು ಬರುವಷ್ಟರಲ್ಲಿ ಅವಳಿಗೆ ನಿದ್ದೆ ಬಂದುಬಿಟ್ಟಿತ್ತು. ಬಾಯಿ ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತಾ. ಆ ಹೆಂಗಸು ಪಕ್ಕದಲ್ಲಿ ಕುಳಿತು ಹುರುಳಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಸದ್ದಾಗದ ಹಾಗೆ, ಒಂದೊಂದೇ ಕಲ್ಲನ್ನು ಎಸೆಯದೆ ಪಕ್ಕಕ್ಕೆ ಇಡುತ್ತಿದ್ದಳು. ನಮ್ಮ ಮನೆಗೆ ಎಷ್ಟೋ ಸಲ ಬಂದು ಉಳಿದವಳು ಅತ್ತೆ. ಅವಳು ನಿದ್ದೆ ಮಾಡುವುದನ್ನು ನಾನು ನೋಡಿದ್ದು ಅದೇ ಮೊದಲು.

ಬಸ್ಸಿಗೆ ಕಾಯುವಾಗ ಕೇಳಿದೆ.

"ಯಾರತ್ತೆ ಅದು?"

"ಅಲ್ಲಿರೋಳು."

"ಬಾಡಿಗೆಗಾ?"

"ಬಾಡಿಗೆ ಕೊಡೋರು ನಂಗೆ ಅಷ್ಟು ಜೋರಾಗಿ ಬಯ್ತಾರಾ?"

"ಪತ್ರ ಗಿತ್ರ ಏನಾದ್ರೂ?"

"ಇಲ್ಲ. ನಾನು ಇರು ಅಂದೆ. ಅವಳು ಇದ್ಳು."

"ಎಷ್ಟು ವರ್ಷದಿಂದ?"

ಅವಳು ಬಸ್ಸು ಬರುವ ಕಡೆಗೆ ನೋಡಿದಳು. ಬಸ್ಸು ಬರುತ್ತಿರಲಿಲ್ಲ. "ಮೈದುನನಿಗೆ ಗೊತ್ತಾದ್ರೆ ನಾಳೇನೇ ಜೆಸಿಬಿ ತರ್ತಾನೆ ಕಣೇ" ಎಂದಳು. "ಅವನದೂ ಹೆಸ್ರಿದೆಯಲ್ಲ ಪಹಣೀಲಿ. ಅವಳು ಎಲ್ಲಿಗೆ ಹೋಗ್ಬೇಕು?"

ಆಗ ನಾನು ನನಗೆ ಗೊತ್ತಿದ್ದುದನ್ನು ಹೇಳಬೇಕಾಯಿತು. ಕೆರೆಯಲ್ಲೇ ಬಿಟ್ಟರೆ ಘಟಕದವರು ಮೊದಲು ಕೇಳುವುದೇ ಆ ತೋಟದ ಬಗ್ಗೆ. ಆ ಮೂಲೆ ಬಿಟ್ಟು ಗೆರೆ ಎಳೆದರೆ ಎರಡು ಪದರ ಕೂಡುವುದಿಲ್ಲ, ಅಲ್ಲಿ ಕೆಂಪು ಬರುತ್ತದೆ, ನೋಡಿದವರೆಲ್ಲ ಯಾಕೆ ಅನ್ನುತ್ತಾರೆ. ಸೇರಿಸಿ ಎಳೆದರೆ ಅವಳ ಗೆರೆಯೊಳಗೆ ಮನೆಯೊಂದು ಕಾಣುತ್ತದೆ.

"ಈಗ್ಲೂ ಕಾಣುತ್ತಲ್ಲ, ಮೇಲಿಂದ? ನಾರಾಯಣಸ್ವಾಮಿ ದಿನಾ ನೋಡ್ತಾನೆ."

"ಈಗ ಅದು ಬರೀ ಹೆಂಚು ಅತ್ತೆ. ಗೆರೆ ಬಂದ್ಮೇಲೆ ಯಾರದೋ ಜಮೀನಲ್ಲಿರೋ ಹೆಂಚು."

ಬಸ್ಸಿನಲ್ಲಿ ಅವಳು ಡ್ರೈವರಿನ ಹಿಂದೆಯೇ ಕುಳಿತಳು. ಆದರೆ ಅವನನ್ನು ಮಾತಾಡಿಸಲಿಲ್ಲ. ಅವನು ಎರಡು ಸಲ ಹಿಂತಿರುಗಿ ನೋಡಿದ.

ಆಮೇಲಿನ ಉಪಾಯ ಯಾರದು? ನನ್ನದೆಂದು ಹೇಳಿಕೊಂಡು ಬಂದಿದ್ದೇನೆ. ಸಂಘದ ನಿಯಮದಲ್ಲಿ ಸದಸ್ಯರಾಗಲು ಜಮೀನಿನ ಒಡೆತನ ಬೇಕಿಲ್ಲ, ಬೆಳೆ ನೋಡಿಕೊಳ್ಳುವವರಾದರೆ ಸಾಕು, ನಿರ್ದೇಶಕರು ಒಪ್ಪಬೇಕು. ಆ ಹೆಂಗಸನ್ನೇ ಸದಸ್ಯೆ ಮಾಡಿದರೆ ಆ ಮೂಲೆ ಅವಳ ಹೆಸರಿನ ತುಂಡಾಗಿ ಬರುತ್ತದೆ, ಎರಡು ತುಂಡು ಕೂಡಿ ಸರ್ವೆ ನಂಬರು ತುಂಬುತ್ತದೆ, ಕೆಂಪು ಬರುವುದಿಲ್ಲ. ಇದನ್ನು ನಾನು ಬಸ್ಸಿನಲ್ಲೇ ಹೇಳಿದೆ ಎಂಬುದು ನನ್ನ ನೆನಪು. ಆದರೆ ಆ ನಿಯಮ ನನಗೆ ಹೇಗೆ ಗೊತ್ತಿತ್ತು? ನಾನು ಸಂಘದ ನಿಯಮಗಳನ್ನು ಎಂದೂ ಓದಿದವಳಲ್ಲ. ಓದಿದವಳು ಅವಳು, ಪ್ರತಿ ಸಾಲನ್ನೂ ಅನುಮಾನಿಸುತ್ತಾ. ಬಹುಶಃ ಉಪಾಯ ಅವಳದೇ. ನಾನು ಹೇಳುವ ಹಾಗೆ ಅವಳೇ ಮಾಡಿದ್ದಿರಬಹುದು. ಅದು ಅವಳಿಗೆ ಕಷ್ಟದ ಕೆಲಸವಲ್ಲ.

ಸಭೆಯ ದಿನ ನಾನು ಕಂಪ್ಯೂಟರಿನ ಮುಂದೆ ಇದ್ದೆ. ಅತ್ತೆ ಎದ್ದು ನಿಂತು, ತನ್ನ ತೋಟದ ಒಂದು ಮೂಲೆಯಲ್ಲಿ ಇನ್ನೊಬ್ಬರಿದ್ದಾರೆ, ಅಲ್ಲಿನ ಮರಗಳು ಅವರವು, ಅವರನ್ನು ಸದಸ್ಯರನ್ನಾಗಿ ತೆಗೆದುಕೊಳ್ಳಬೇಕು ಎಂದಳು. ಹೆಸರು ಹೇಳಿದಳು. ನಡುವೆ ಎಲ್ಲೂ ತಡವರಿಸಲಿಲ್ಲ. ಆದರೆ ಮೇಜಿನ ಅಂಚನ್ನು ಹಿಡಿದುಕೊಂಡಿದ್ದಳು.

ಮುಳಬಾಗಿಲಿನ ನಿರ್ದೇಶಕರು ಮೆಲ್ಲಗೆ ಕೇಳಿದರು. "ಇದಕ್ಕೆ ಏನಾದ್ರೂ ದಾಖಲೆ?"

"ನಾನೇ ಹೇಳ್ತಿದೀನಲ್ಲ."

"ಅಲ್ಲ ಅಧ್ಯಕ್ಷರೇ, ಬಾಯಿಮಾತು ನಡೆಯಲ್ಲ ಅಂತ ನೀವೇ ಇಷ್ಟು ದಿನ..."

"ಬೇರೆಯೋರ ಬಾಯಿಮಾತು ನಡೆಯಲ್ಲ ಅಂದಿದ್ದು."

ನಾರಾಯಣಸ್ವಾಮಿ ನಗುವುದಕ್ಕೆ ಶುರುಮಾಡಿ ನಿಲ್ಲಿಸಿದ. ನಿರ್ದೇಶಕರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡರು. "ನನ್ನ ಒಪ್ಪಿಗೆ ಇದೆ" ಎಂದರು. ಉಳಿದವರೂ ಒಬ್ಬೊಬ್ಬರಾಗಿ ಕೈ ಎತ್ತಿದರು. ಯಾರೂ ಆ ಹೆಂಗಸು ಯಾರು ಎಂದು ಕೇಳಲಿಲ್ಲ. ಕೇಳಬೇಕಾದ ಪ್ರಶ್ನೆಯನ್ನು ಇಷ್ಟು ಜನ ಒಟ್ಟಿಗೆ ನುಂಗಿದ್ದನ್ನು ನಾನು ಇನ್ನೆಲ್ಲೂ ನೋಡಿಲ್ಲ. ಆ ಹೆಸರನ್ನು ನಕ್ಷೆಗೆ ಸೇರಿಸಿದವಳು ನಾನೇ, ಆದ್ದರಿಂದ ಅದು ನನಗೆ ಗೊತ್ತು. ಇಲ್ಲಿ ಬರೆಯುವುದಿಲ್ಲ.

ಕೊಯ್ಲಿಗೆ ಮುಂಚೆ ನಕ್ಷೆ ಸಿದ್ಧವಾಯಿತು. ನರಸಾಪುರದವರು ತೆರೆದು ನೋಡಿದರು, ಹಸಿರು ಕಂಡಿತು, ಲಾರಿ ಕಳಿಸಿದರು. ಕೋಲಾರದಿಂದ ಮೈದುನನ ಫೋನೂ ಬಂತು. ನಾನು ಅಲ್ಲೇ ಇದ್ದೆ. ಅತ್ತೆ ಫೋನನ್ನು ಯಾವಾಗಲೂ ದೂರ ಹಿಡಿದು ಮಾತಾಡುವುದರಿಂದ ಎಲ್ಲರಿಗೂ ಕೇಳಿಸುತ್ತದೆ.

"ಏನತ್ತಿಗೆ, ನಮ್ಮ ತೋಟದ ಮೂಲೇಲಿ ಯಾರೋ ಇದಾರಂತೆ?"

"ಇದಾರೆ."

"ಯಾರನ್ನ ಕೇಳಿ?"

"ನನ್ನ ಕೇಳಿ."

"ನಾನು ಸುಮ್ನಿರ್ತೀನಿ ಅನ್ಕೊಂಡ್ರಾ?"

"ಸುಮ್ನಿರ್ಬೇಡಪ್ಪ. ಬಾ. ಬಂದು ಅವಳ ಮುಖ ನೋಡ್ಕೊಂಡು ಹೇಳು. ನಕ್ಷೇಲಿ ದಾರಿ ತೋರ್ಸುತ್ತೆ."

ಅವರು ಇನ್ನೂ ಬಂದಿಲ್ಲ. ಬರುತ್ತಾರೋ, ಕೋರ್ಟಿಗೆ ಹೋಗುತ್ತಾರೋ, ಗೊತ್ತಿಲ್ಲ. ಅತ್ತೆ ತಯಾರಿದ್ದಾಳೆ ಅನ್ನಿಸುತ್ತದೆ. ಈಗೀಗ ಅವಳು ವಾರಕ್ಕೆ ಒಂದೆರಡು ದಿನ ಆ ಜಗಲಿಯ ಮೇಲೇ ಇರುತ್ತಾಳಂತೆ. ಬೇಲಿಯ ಹಿಂದಿನಿಂದ ತೆಲುಗಿನಲ್ಲಿ ಇಬ್ಬರೂ ಜಗಳವಾಡುವುದು ರಸ್ತೆಯವರೆಗೂ ಕೇಳುತ್ತದಂತೆ. ಜಗಳ ಯಾವುದರ ಬಗ್ಗೆ ಎಂದರೆ ಹೇಳುವವರಿಗೂ ಗೊತ್ತಿಲ್ಲ.

ನಮ್ಮ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಥೆ ಇದೆ. ಆ ಹೆಂಗಸು ಮಾವನಿಗೆ ಬೇಕಾದವಳಾಗಿದ್ದಳು ಅನ್ನುತ್ತಾಳೆ ನನ್ನ ಚಿಕ್ಕಮ್ಮ. ಅತ್ತೆಯ ಬಾಣಂತನ ಮಾಡಿದವಳು ಅನ್ನುತ್ತಾರೆ ಅಪ್ಪ, ಆದರೆ ಹೇಳುವಾಗ ಬೇರೆ ಕಡೆ ನೋಡುತ್ತಾರೆ. ಎರಡೂ ಚೆನ್ನಾಗಿ ಹೊಂದುತ್ತವೆ, ಹಾಗಾಗಿ ಎರಡರ ಮೇಲೂ ನನಗೆ ಅನುಮಾನ. ನಾಲ್ಕು ಮೂಲೆಯ ಅಂಕಿಗಳನ್ನು ಅವಳು ಬೇಕೆಂದೇ ತಪ್ಪು ಓದಿದಳೇ ಎಂದು ಅತ್ತೆಯನ್ನೇ ಒಮ್ಮೆ ಕೇಳಿದೆ. ಕಣ್ಣು ಸರಿ ಕಾಣಲ್ಲ ಕಣೇ ಎಂದಳು. ಇನ್ನೊಂದನ್ನು ಕೇಳಲು ಬಾಯಿ ತೆರೆದೆ, ಅವಳು ನನ್ನ ಮುಖ ನೋಡಿದಳು, ನಾನು ಮಾವಿನ ರೇಟು ಕೇಳಿದೆ. ಆ ಹೆಂಗಸು ನಮ್ಮತ್ತೆಗೆ ಏನಾಗಬೇಕು ಎಂಬುದು ನನಗೆ ಗೊತ್ತಿಲ್ಲ.